ಎಲ್ಲ ಚರ್ಚುಗಳೂ ಒಂದೇ ಪಂಕ್ತಿಯಲ್ಲಿ ಕೂರಬೇಕಾ?

ಪ್ರತಿ ವರ್ಷ ಜನವರಿ 18ರಿಂದ 25ರ ತನಕ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಪ್ರೊಟೆಸ್ಟೆಂಟರು, ಕಥೊಲಿಕರು, ಆರ್ಥೊಡಾಕ್ಸ್‌ನವರು ಒಂದು ಸಂಜೆ ಒಟ್ಟಿಗೆ ಸೇರುತ್ತಾರೆ, ಹಾಡುತ್ತಾರೆ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅಷ್ಟು ಸಾಕಾ? ನಾಗ್ಪುರದಲ್ಲಿ ಭಾರತದ ಚರ್ಚುಗಳ ರಾಷ್ಟ್ರೀಯ ಮಂಡಳಿ ಇದೆ. ಎನ್‌ಸಿಸಿಐ ಎಂದರೆ ಅದೇ. ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳು, ಅಂದರೆ ಚರ್ಚ್ ಪಂಗಡಗಳು, ಅದರಲ್ಲಿವೆ, ಕಥೊಲಿಕ್ ಸಭೆ ಇಲ್ಲ. ಸೇರಬೇಕಾ ಎಂದು ಇಬ್ಬರನ್ನು ಕೇಳಿದೆವು. ಒಬ್ಬರು ಮಂಗಳೂರಿನ ಬಲ್ಮಠದ ಹತ್ತಿರದ ನಿವೃತ್ತ ಟೀಚರ್. ಇನ್ನೊಬ್ಬರು ಉಡುಪಿ ಹತ್ತಿರದ ಕಲ್ಯಾಣಪುರದ ಕಡೆಯ ಕಥೊಲಿಕರು, ಚರ್ಚಿನಲ್ಲಿ ತಮ್ಮ ವಾಳೆಗೆ (ವಾರ್ಡಿಗೆ) ಗುರಿಕಾರರಾಗಿ, ಅಂದರೆ ಮುಖಂಡರಾಗಿ ಇದ್ದವರು.

ಪರ: ಹೊರಗಿನವರಿಗೆ ನಾವೆಲ್ಲ ಒಂದೇ

ನಮ್ಮ ಮನೆಗೆ ಮೀನು ತರುವ ಅಕ್ಕ ಇವತ್ತಿಗೂ ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಾರೆ. ಬಾಯಮ್ಮ ಅಂದರೆ ಕೊಂಕಣಿ ಮಾತಾಡುವ ಕಥೊಲಿಕ್ ಹೆಂಗಸು. ನಾನು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಮನೆತನದವಳು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಕೊಂಕಣಿಯಲ್ಲಿ ನನಗೆ ಬರುವುದು ನಾಲ್ಕು ಮಾತು, ಅದೂ ಮಾರ್ಕೆಟ್‌ನಲ್ಲಿ ಕಲಿತದ್ದು. ಇಪ್ಪತ್ತು ವರ್ಷ ತಿದ್ದಿ ನೋಡಿದೆ, ಆಗಲಿಲ್ಲ. ಗೋಡೆಯಲ್ಲಿ ಶಿಲುಬೆ ಇದ್ದ ಮನೆಯವರೆಲ್ಲ ಆಕೆಗೆ ಒಂದೇ ಜಾತಿ.

ಮೀನಿನ ಅಕ್ಕ ಹಾಗೆ ಅಂದರೆ ನಗು ಬರುತ್ತದೆ. ಕಲ್ಲು ಹಿಡಿದು ಬಂದವರು ಹಾಗೆ ಅಂದುಕೊಂಡರೆ ನಗು ಬರುವುದಿಲ್ಲ. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿ ಆದ ದಿನ. ಒಂದು ಸ್ವತಂತ್ರ ಸಭೆಯ ಮೇಲೆ ಮತಾಂತರದ ಆರೋಪ ಹೊರಿಸಿದ್ದರು. ಆದರೆ ಏಟು ಬಿದ್ದದ್ದು ಆ ಸಭೆಗೆ ಮಾತ್ರವೇ? ಮಿಲಾಗ್ರಿಸ್ ಹತ್ತಿರ ಕಥೊಲಿಕ್ ಸಿಸ್ಟರ್‌ಗಳು ಮೌನವಾಗಿ ಪ್ರಾರ್ಥನೆ ಮಾಡಿಕೊಂಡಿರುವ ಮಠಕ್ಕೂ ನುಗ್ಗಿದರು. ಯಾರೂ ಬಾಗಿಲಲ್ಲಿ ನಿಂತು 'ನಿಮ್ಮದು ಯಾವ ಸಭೆ' ಎಂದು ಕೇಳಲಿಲ್ಲ. ಆ ವಾರ ನಮ್ಮ ಹಿರಿಯರು ಒಬ್ಬರಿಗೊಬ್ಬರು ಫೋನ್ ಮಾಡಲು ನಂಬರ್ ಹುಡುಕುತ್ತಿದ್ದರು. ಒಂದೇ ಊರಿನಲ್ಲಿ ಬಾಸೆಲ್‌ನವರು 1834ರಿಂದ ಇದ್ದಾರೆ, ಕಥೊಲಿಕರು ಅದಕ್ಕಿಂತ ಎಷ್ಟೋ ಹಿಂದಿನಿಂದ. ಬಲ್ಮಠದ ಶಾಂತಿ ಕೆಥೆಡ್ರಲ್‌ನಿಂದ ರೊಸಾರಿಯೊ ಕೆಥೆಡ್ರಲ್‌ಗೆ ನಡೆದೇ ಹೋಗಬಹುದು. ಆದರೂ ನಂಬರ್ ಇರಲಿಲ್ಲ!

ಮಂಡಳಿ ಬೇಕು ಅನ್ನುವುದು ಇದಕ್ಕೇ. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವುದಲ್ಲ.

ಈ ಮಂಡಳಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಶನರಿಗಳ ಸಮ್ಮೇಳನ ಆದ ಮೇಲೆ ಅದರ ಅಧ್ಯಕ್ಷರಾಗಿದ್ದ ಜಾನ್ ಮಾಟ್ ಭಾರತಕ್ಕೆ ಬಂದು ಊರೂರಲ್ಲಿ ಸಭೆ ನಡೆಸಿದರು. 1914ರಲ್ಲಿ ರಾಷ್ಟ್ರೀಯ ಮಿಶನರಿ ಮಂಡಳಿ ಆಯಿತು. ಹೆಸರೇ ಹೇಳುವಂತೆ ಆಗ ಅದು ದೊರೆಗಳ ಕೂಟ. 1923ರಲ್ಲಿ ಹೆಸರು ಬದಲಾಯಿಸಿ ಕ್ರೈಸ್ತ ಮಂಡಳಿ ಮಾಡಿದರು. ಮುಂದೆ ಬಿಷಪ್ ಅಜರಯ್ಯ ಅದರ ಅಧ್ಯಕ್ಷರಾದರು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಅವರು. 1979ರಿಂದ ಅದು ಚರ್ಚುಗಳ ಮಂಡಳಿ. ಮಿಶನರಿಗಳ ಕೈಯಿಂದ ನಮ್ಮವರ ಕೈಗೆ ಬಂದ ಸಂಸ್ಥೆ ಅದು. ಅದನ್ನು ಪರದೇಶಿ ಸಾಮಾನು ಎಂದು ತಳ್ಳಿಹಾಕಬೇಡಿ.

ನಿಧಾನ ಆಗುತ್ತದೆ, ಒಪ್ಪುತ್ತೇನೆ. ಅಜರಯ್ಯ ಮತ್ತಿತರರು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೂತು ಸಭೆಗಳು ಒಂದಾಗಲಿ ಎಂದು ಮಾತು ಶುರುಮಾಡಿದರು. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಇಪ್ಪತ್ತೆಂಟು ವರ್ಷ! ಅಜರಯ್ಯ ಅದನ್ನು ನೋಡಲಿಕ್ಕೆ ಇರಲಿಲ್ಲ. ಆದರೆ ಆಂಗ್ಲಿಕನ್ ಬಿಷಪ್ಪರೂ ಮೆಥಡಿಸ್ಟರೂ ಒಂದೇ ಬಲಿಪೀಠಕ್ಕೆ ಬಂದರು ಅಲ್ವಾ? ಇಂಗ್ಲೆಂಡಿನಲ್ಲಿ ಅವರು ಇವತ್ತಿಗೂ ಬೇರೆ ಬೇರೆ.

ಕಥೊಲಿಕ್ ಸ್ನೇಹಿತರಿಗೆ ಹೇಳುವುದು ಇಷ್ಟೆ. ಮಂಡಳಿ ಅಂದರೆ ವಿಲೀನ ಅಲ್ಲ. ಕರಾವಳಿಯವರಿಗೆ ಆ ಶಬ್ದ ಕೇಳಿದರೇ ಹೆದರಿಕೆ. ವಿಜಯಾ ಬ್ಯಾಂಕ್ ಹೋಯಿತು, ಸಿಂಡಿಕೇಟ್ ಹೋಯಿತು, ಕಾರ್ಪೊರೇಶನ್ ಹೋಯಿತು. ಇದು ಹಾಗಲ್ಲ. ನಿಮ್ಮ ಬಿಷಪ್ಪರು ನಿಮ್ಮವರೇ, ಪೋಪರು ಪೋಪರೇ, ಮಾತೆ ಮೇರಿಯ ಒಂಬತ್ತು ದಿನದ ನವೇನ ಪ್ರಾರ್ಥನೆ ನಿಮ್ಮದೇ. ರೋಮ್ ಬೇಡ ಅಂದಿದೆಯಾ? ಇಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಐಕ್ಯತೆಯ ಮೇಲೆ ಒಂದು ಶಾಸನ ಹೊರಡಿಸಿತು. ಆಸ್ಟ್ರೇಲಿಯಾ, ಬ್ರೆಜಿಲ್‌ನಂಥ ದೇಶಗಳಲ್ಲಿ ಕಥೊಲಿಕ್ ಸಭೆ ಅಲ್ಲಿನ ರಾಷ್ಟ್ರೀಯ ಮಂಡಳಿಯ ಸದಸ್ಯ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಇನ್ನು ಮನೆಯ ವಿಷಯ. ನನ್ನ ತಂಗಿಯ ಮಗಳು ಕಥೊಲಿಕ್ ಹುಡುಗನನ್ನು ಮದುವೆಯಾದಳು. ಹುಡುಗನ ಕಡೆಯವರು ಚಿನ್ನದಂಥ ಜನ. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ತೆಂಗಿನ ಹಾಲು ಹಚ್ಚಿ ನಮ್ಮನ್ನೆಲ್ಲ ಕುಣಿಸಿದರು. ಆದರೆ ಅದಕ್ಕೆ ಮೊದಲು ಎರಡು ತಿಂಗಳು ಕಾಗದ ಹಿಡಿದು ಓಡಾಟ. ಒಂದು ಕಡೆ ಅವಳಿಗೆ ನಮ್ಮಲ್ಲಿ ಆದ ದೀಕ್ಷಾಸ್ನಾನವೇ ಸಾಕು ಅಂದರು. ಇನ್ನೊಂದು ಕಡೆ 'ನೋಡಬೇಕು' ಅಂದರು. ಏನು ನೋಡುವುದು? ನೀರು ಅದೇ, ತಂದೆ, ಮಗ, ಪವಿತ್ರಾತ್ಮ ಅನ್ನುವ ಹೆಸರೂ ಅದೇ. ಕಥೊಲಿಕ್ ನಿಯಮದಲ್ಲೂ ಅದು ಊರ್ಜಿತವೇ. ದೇಶದ ಮಟ್ಟದಲ್ಲಿ ಎರಡೂ ಕಡೆಯವರು ಕೂತು ಒಂದು ಒಪ್ಪಂದದ ಕಾಗದ ಮಾಡಿದ್ದರೆ, ಆ ಹುಡುಗಿಯ ನಂಬಿಕೆ ಒಬ್ಬ ಗುಮಾಸ್ತರ ಮರ್ಜಿಗೆ ಬೀಳುತ್ತಿರಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಿದ್ದೇನೆ.

ದಲಿತ ಕ್ರೈಸ್ತರ ವಿಷಯದಲ್ಲಿ ಹೇಗೂ ಒಟ್ಟಿಗೇ ಇದ್ದೀರಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸವಲತ್ತನ್ನು ಹಿಂದೂಗಳಿಗೆ ಮಾತ್ರ ಇಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ಕ್ರೈಸ್ತರಾದ ದಲಿತರು ಇನ್ನೂ ಹೊರಗೆ. ಆಗಸ್ಟ್ 10ರ ಕರಾಳ ದಿನಕ್ಕೆ ಎನ್‌ಸಿಸಿಐ ಮತ್ತು ಕಥೊಲಿಕ್ ಬಿಷಪ್ಪರ ಸಿಬಿಸಿಐ ಎರಡೂ ಕರೆ ಕೊಡುತ್ತವೆ. ಬೀದಿಯಲ್ಲಿ ಜೊತೆಗೆ ನಿಲ್ಲಬಹುದು, ಒಂದು ಕೋಣೆಯಲ್ಲಿ ಸದಸ್ಯರಾಗಿ ಕೂರಬಾರದು ಅಂದರೆ ಏನರ್ಥ?

ವಿರೋಧ: ನೆರೆಕರೆ ಸಾಕು, ನಾಗ್ಪುರ ದೂರ

ಟೀಚರ್ ಬರೆದದ್ದನ್ನು ಎರಡು ಸಲ ಓದಿದೆ. ಮದುವೆಯ ಕಾಗದದ ವಿಷಯದಲ್ಲಿ ಅವರಿಗೆ ಉತ್ತರ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಅದು ನಮ್ಮದೇ ತಪ್ಪು. ಆದರೆ ಅದನ್ನು ಸರಿಮಾಡಲು ನಮ್ಮ ಬಿಷಪ್ಪರು ಒಂದು ಸುತ್ತೋಲೆ ಬರೆದರೆ ಸಾಕು. ನಾಗ್ಪುರಕ್ಕೆ ಟಿಕೆಟ್ ಮಾಡಬೇಕಾಗಿಲ್ಲ.

ಬ್ಯಾಂಕಿನ ಮಾತು ಅವರೇ ತೆಗೆದರು. ಸಿಂಡಿಕೇಟ್ ಬ್ಯಾಂಕ್ ಹೋಗುವಾಗಲೂ 'ಗ್ರಾಹಕರಿಗೆ ಏನೂ ಬದಲಾಗುವುದಿಲ್ಲ' ಅಂತಲೇ ಹೇಳಿದ್ದು. ನನ್ನ ಪಾಸ್‌ಬುಕ್ ಬದಲಾಯಿತು, ಕೌಂಟರಿನಲ್ಲಿ ತುಳು ಮಾತಾಡುವವರೂ ಬದಲಾದರು. ಹೋಗಲಿ, ಮಂಡಳಿ ವಿಲೀನ ಅಲ್ಲ ಎಂಬುದು ಸರಿಯೇ. ನನ್ನ ತಕರಾರು ಬೇರೆ.

ಕಲ್ಯಾಣಪುರದಿಂದ ಸ್ವರ್ಣಾ ನದಿಯ ಸೇತುವೆ ದಾಟಿ ಹೋದರೆ ಬ್ರಹ್ಮಾವರ ಹತ್ತು ನಿಮಿಷದ ದಾರಿ. ಅಲ್ಲೊಂದು ಆರ್ಥೊಡಾಕ್ಸ್ ಕೆಥೆಡ್ರಲ್ ಇದೆ. ಹೊರಗಿನವರು ಕೇರಳದಿಂದ ಬಂದವರ ಚರ್ಚ್ ಅಂದುಕೊಳ್ಳುತ್ತಾರೆ. ಅಲ್ಲ. ಅವರೂ ನಮ್ಮ ಹಾಗೆ ಕೊಂಕಣಿಯವರು. ಮನೆತನದ ಹೆಸರುಗಳೂ ನಮ್ಮವೇ. 1880ರ ದಶಕದ ತನಕ ಕಥೊಲಿಕರೇ ಆಗಿದ್ದರು. ಆಗ ಇಲ್ಲಿನ ಕೆಲವು ಚರ್ಚುಗಳು ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗಿದ್ದವು, ಅಂದರೆ ಪೋರ್ಚುಗಲ್ ರಾಜನಿಗೆ ಚರ್ಚುಗಳ ಮೇಲೆ ಇದ್ದ ಪದ್ರುವಾದೊ ಎಂಬ ಪೋಷಕ ಹಕ್ಕಿನಲ್ಲಿ. ಉಳಿದವು ನೇರ ರೋಮಿನ ಕೈಕೆಳಗೆ. 1886ರಲ್ಲಿ ರೋಮೂ ಪೋರ್ಚುಗಲ್ಲೂ ಒಪ್ಪಂದ ಮಾಡಿಕೊಂಡು ಗಡಿ ಗೀಚಿದವು. ಇಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಗೋವೆಯ ಪಾದ್ರಿ ಅಲ್ವಾರಿಸ್ ಸಿಟ್ಟಾಗಿ ಕೇರಳದ ಆರ್ಥೊಡಾಕ್ಸರ ಮಲಂಕರ ಸಭೆಗೆ ಹೋದರು. 1889ರಲ್ಲಿ ಅವರಿಗೆ ಅಲ್ಲಿ ಬಿಷಪ್ ಪಟ್ಟ ಸಿಕ್ಕಿತು. ಬ್ರಹ್ಮಾವರದಲ್ಲಿ ನೊರೊನ್ಹಾ ಪಾದ್ರಿಗಳು ಆ ಜನರನ್ನು ಕಟ್ಟಿ ನಿಲ್ಲಿಸಿದರು. ತಮಾಷೆ ಏನೆಂದರೆ, ಸಭೆ ಬದಲಾದರೂ ಪೂಜೆಯ ಕ್ರಮ ಮಾತ್ರ ಕಥೊಲಿಕರ ಲ್ಯಾಟಿನ್ ಸಂಪ್ರದಾಯದ್ದೇ ಉಳಿಯಿತು. ಜಗತ್ತಿನಲ್ಲಿ ಇಂಥದ್ದು ಎಷ್ಟಿವೆಯೋ! ಅಣ್ಣತಮ್ಮಂದಿರು ಒಂದೇ ಹಾಡು ಹಾಡುತ್ತಾ ಎರಡು ಸಭೆಯಾದರು. ಸಾವಿರಾರು ಮೈಲಿ ದೂರದ ಎರಡು ಕಚೇರಿಗಳ ಜಗಳ ಅದು.

ದೂರದ ಕಚೇರಿ ಅಂದರೆ ನನಗೆ ಭಯ ಇದೇ ಕಾರಣಕ್ಕೆ. ಈಗ ನೋಡಿ, ಆರ್ಥೊಡಾಕ್ಸ್‌ನವರು ರಾಷ್ಟ್ರೀಯ ಮಂಡಳಿಯಲ್ಲಿದ್ದಾರೆ, ನಾವಿಲ್ಲ. ಅದರಿಂದ ಕಲ್ಯಾಣಪುರಕ್ಕೂ ಬ್ರಹ್ಮಾವರಕ್ಕೂ ಏನು ವ್ಯತ್ಯಾಸ ಆಯಿತು? ಏನೂ ಇಲ್ಲ. ಅವರ ಮನೆಯ ಮರಣಕ್ಕೆ ನಾವು ಹೋಗುತ್ತೇವೆ, ನಮ್ಮದಕ್ಕೆ ಅವರು. ಅವರ ಎಸ್‌ಎಂಎಸ್ ಕಾಲೇಜಿನಲ್ಲಿ ನಮ್ಮ ಮಕ್ಕಳು ಓದಿದ್ದಾರೆ. ಮಾತೆ ಮೇರಿಯ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಹೊಸ ತೆನೆ ನಮ್ಮ ಮನೆಯಿಂದ ಪಕ್ಕದ ಬಂಟರ ಮನೆಗೂ ಹೋಗುತ್ತದೆ. ಅವರು ಯಾವ ಮಂಡಳಿಯ ಸದಸ್ಯರು?

2008ರ ಮಾತು. ಇಲ್ಲಿ ನಾನು ಟೀಚರ್ ಜೊತೆ ಜಗಳ ಮಾಡಲೇಬೇಕು. ಮೊದಲ ಏಟು ಯಾರಿಗೆ ಬಿತ್ತು? ಬಾಡಿಗೆ ಹಾಲ್‌ನಲ್ಲಿ, ಅಂಗಡಿ ಮೇಲಿನ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಸಣ್ಣ ಸಣ್ಣ ಗುಂಪುಗಳಿಗೆ. ಆಗ ದೊಡ್ಡ ಚರ್ಚಿನವರಾದ ನಾವು ಏನು ಹೇಳಿದೆವು? 'ನಾವು ಮತಾಂತರ ಮಾಡುವವರಲ್ಲ, ಅದು ಅವರು' ಎಂದು. ನಾನೂ ಹೇಳಿದ್ದೇನೆ, ಹೋಟೆಲಿನಲ್ಲಿ ಕೂತು, ನಾಲ್ಕು ಜನರ ಎದುರು. ಆಮೇಲೆ ಮಂಗಳೂರಿನ ಕುಲಶೇಖರದ ಚರ್ಚ್ ಅಂಗಳದಲ್ಲಿ ಪೊಲೀಸರ ಲಾಠಿ ನಮ್ಮವರ ಬೆನ್ನ ಮೇಲೂ ಬಿತ್ತು. ಆಗ ನನ್ನ ಮಾತು ನನಗೇ ನೆನಪಾಯಿತು.

ಆ ಸಣ್ಣ ಗುಂಪುಗಳು ಎನ್‌ಸಿಸಿಐಯಲ್ಲಿ ಇಲ್ಲ. ಅದಕ್ಕೆ ಬೇಕಾದ ಸಂವಿಧಾನ, ಸಿನೋಡು, ಲೆಕ್ಕಪತ್ರ ಯಾವುದೂ ಅವರ ಹತ್ತಿರ ಇಲ್ಲ. ನಾವು ಕಥೊಲಿಕರೂ ಸೇರಿದೆವು ಎಂದಿಟ್ಟುಕೊಳ್ಳಿ. ಆಗ ಏನಾಗುತ್ತದೆ? ಇಸ್ತ್ರಿ ಹಾಕಿದ ನಿಲುವಂಗಿಯವರೆಲ್ಲ ಒಳಗೆ, ಪ್ಯಾಂಟು ಶರ್ಟಿನ ಪಾಸ್ಟರುಗಳು ಹೊರಗೆ. 'ಅದು ನಾವಲ್ಲ, ಅವರು' ಅನ್ನಲು ನಮಗೆ ಒಂದು ಮೆಂಬರ್‌ಶಿಪ್ ಕಾರ್ಡೂ ಸಿಕ್ಕಿದ ಹಾಗಾಗುತ್ತದೆ. ಕಷ್ಟಕಾಲಕ್ಕೆ ಸೇರಲು ಇವಾಂಜೆಲಿಕಲ್ ಫೆಲೋಶಿಪ್‌ನವರನ್ನೂ ಕೂಡಿಕೊಂಡು ಸಿಬಿಸಿಐ, ಎನ್‌ಸಿಸಿಐ ಮಾಡಿಕೊಂಡ ರಾಷ್ಟ್ರೀಯ ಸಂಯುಕ್ತ ಕ್ರೈಸ್ತ ವೇದಿಕೆ ಈಗಾಗಲೇ ಇದೆ. ಸಡಿಲವಾಗಿದೆ, ಅದೇ ಅದರ ಒಳ್ಳೆಯ ಗುಣ. ದಲಿತ ಕ್ರೈಸ್ತರ ಹೋರಾಟವೂ ಸದಸ್ಯತ್ವ ಇಲ್ಲದೆಯೇ ನಡೆಯುತ್ತಿದೆ. ಹಾಗೆ ನೋಡಿದರೆ, ಆಗಸ್ಟ್ 10ಕ್ಕೆ ಕಪ್ಪು ಬಾವುಟ ಹಿಡಿಯುವ ನಮ್ಮ ಮನೆಗಳಲ್ಲೇ ಮದುವೆ ಮಾತು ಬಂದಾಗ 'ಅವರು ಬಾಮಣ್ (ಬ್ರಾಹ್ಮಣ ಮೂಲದವರು) ತಾನೇ' ಎಂದು ಮೆಲ್ಲಗೆ ವಿಚಾರಿಸುವವರಿದ್ದಾರೆ. ಅದಕ್ಕೆ ನಾಗ್ಪುರ ಏನು ಮಾಡೀತು?

ಗಾತ್ರದ ಪ್ರಶ್ನೆಯೂ ಇದೆ. 2011ರ ಜನಗಣತಿಯಲ್ಲಿ ದೇಶದ ಕ್ರೈಸ್ತರು 2.78 ಕೋಟಿ. ಅದರಲ್ಲಿ ದೊಡ್ಡ ಗುಂಪು ನಮ್ಮದೇ. ತಲೆ ಲೆಕ್ಕದಲ್ಲಿ ಮತ ಕೊಟ್ಟರೆ ಮಂಡಳಿ ನಮ್ಮದಾಗುತ್ತದೆ. ಸಭೆಗೊಂದು ಮತ ಅಂದರೆ ನಮ್ಮ ಬಿಷಪ್ಪರ ಮುಖ ಕಪ್ಪಾಗುತ್ತದೆ. ಆನೆಯನ್ನು ದೋಣಿಗೆ ಹತ್ತಿಸುವ ಕೆಲಸ ಇದು. ಆಸ್ಟ್ರೇಲಿಯಾದಲ್ಲಿ ದೋಣಿ ದೊಡ್ಡದಿರಬಹುದು.

ಸಿಎಸ್‌ಐಯ ಬಗ್ಗೆ ನನಗೆ ಗೌರವ ಇದೆ. ಇಪ್ಪತ್ತೆಂಟು ವರ್ಷ ಕಾದು ಒಂದಾದವರು. ಆದರೆ ನಮ್ಮ ಉಡುಪಿ ಕಡೆಯಲ್ಲೇ ಬಾಸೆಲ್ ಮೂಲದ ಕೆಲವು ಚರ್ಚುಗಳ ಬೋರ್ಡಿನಲ್ಲಿ ಸಿಎಸ್‌ಐ ಎಂದಿದೆ, ಕೆಲವದರಲ್ಲಿ ಯುಬಿಎಂಸಿ, ಅಂದರೆ ಯುನೈಟೆಡ್ ಬಾಸೆಲ್ ಮಿಶನ್ ಚರ್ಚ್ ಎಂದಿದೆ. ಒಂದೇ ಅಜ್ಜಂದಿರ ಮಕ್ಕಳು. ಒಂದಾಗಲು ಹೊರಟವರಿಗೂ ಕೊನೆಯಲ್ಲಿ ಎರಡು ಬೋರ್ಡು.

ಎಲ್ಲಕ್ಕಿಂತ ದೊಡ್ಡ ವಿಷಯ ಪಂಕ್ತಿಯದ್ದು. ಟೀಚರ್ ನಮ್ಮ ಚರ್ಚಿಗೆ ಬಂದರೆ ಪೂಜೆಯಲ್ಲಿ ಕೂರಬಹುದು, ಹಾಡಬಹುದು, ಪರಮಪ್ರಸಾದಕ್ಕೆ ಸಾಲಿನಲ್ಲಿ ಬರುವಂತಿಲ್ಲ. ನಮ್ಮ ನಿಯಮ ಹಾಗೆ. ನಾನು ಅವರಲ್ಲಿಗೆ ಹೋದರೂ ತೆಗೆದುಕೊಳ್ಳುವಂತಿಲ್ಲ. ಜನವರಿಯ ಪ್ರಾರ್ಥನೆಯಲ್ಲಿ ಪೂಜೆಯೇ ಇಡುವುದಿಲ್ಲವಾದ್ದರಿಂದ ಮುಜುಗರ ಆಗುವುದಿಲ್ಲ, ಅಷ್ಟೆ. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆದು ಕೂರಿಸಿ, ಎಲೆ ಹಾಕಿ, ನೀರು ಚಿಮುಕಿಸಿ, ಅನ್ನ ಬಡಿಸದೇ ಮುಂದಕ್ಕೆ ಹೋದರೆ ಹೇಗಿರುತ್ತದೆ? ಆ ಊಟದ ವಿಷಯ ಇತ್ಯರ್ಥ ಆಗುವ ಮೊದಲು ಸದಸ್ಯತ್ವದ ಎಲೆ ಹಾಕಬೇಡಿ ಅನ್ನುತ್ತೇನೆ.

ಬರುವ ಜನವರಿಯ ಪ್ರಾರ್ಥನೆಗೆ ನಾನು ಬಂದೇ ಬರುತ್ತೇನೆ, ಟೀಚರ್. ಹಾಡಿನ ಪುಸ್ತಕ ಮಾತ್ರ ನಿಮ್ಮದೇ ಒಂದು ಎತ್ತಿಡಿ. ಹೋದ ಸಲ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಮೂರನೇ ಚರಣವೇ ಇರಲಿಲ್ಲ. ನೀವೆಲ್ಲ ಬಾಯಿಪಾಠ ಹಾಡಿದಿರಿ, ನಾನು ಸುಮ್ನೆ ತುಟಿ ಆಡಿಸಿದೆ.