ಆಡದೇ ಹೊಗಳಿದ ಆಟ

ಒಂದು ವಿಡಿಯೋ ಗೇಮನ್ನು ನಾನು ಹದಿನೈದು ವರ್ಷ ಹೊಗಳಿದ್ದೇನೆ. ಆಫೀಸ್ ಕ್ಯಾಂಟೀನಿನಲ್ಲಿ ಹೊಗಳಿದ್ದೇನೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು, ಸಾರು ಬರುವವರೆಗೂ ಹೊಗಳಿದ್ದೇನೆ. ಒಂದು ಸಲ ನೆಲಮಂಗಲದ ಹತ್ತಿರ ಬಸ್ಸು ಕೆಟ್ಟು ನಿಂತಾಗ ಪಕ್ಕದ ಸೀಟಿನವರಿಗೂ ಅದರ ಮಹಿಮೆ ವಿವರಿಸಿದ್ದೇನೆ. ಅವರು ತೆಂಗಿನಕಾಯಿ ವ್ಯಾಪಾರದವರು. ‘ಹೌದಾ ಸ್ವಾಮಿ’ ಅಂದು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡರು.

ಆ ಗೇಮಿನ ಹೆಸರು ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’. 1999ರಲ್ಲಿ ಬಂದದ್ದು. ಹೊಡೆದಾಟದ ಆಟಗಳಲ್ಲಿ ಇದನ್ನು ಮೀರಿಸಿದ್ದಿಲ್ಲ ಅಂತ ಬಲ್ಲವರು ಹೇಳುತ್ತಾರೆ. ಆ ಬಲ್ಲವರ ಸಾಲಿನಲ್ಲಿ ನಾನೂ ಕೂತಿದ್ದೆ. ಒಂದೇ ಒಂದು ಸಣ್ಣ ತೊಡಕು. ನಾನು ಅದನ್ನು ಆಡಿರಲೇ ಇಲ್ಲ.

ನೋಡಿದ್ದು ಒಂದು ವಿಡಿಯೋ ಅಷ್ಟೆ. ಗೇಮ್ ಹುಚ್ಚಿರುವವರೆಲ್ಲ ನೋಡಿರುವ ವಿಡಿಯೋ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಈವೋ ಪಂದ್ಯಾವಳಿಯದು. ಒಂದು ಕಡೆ ಜಪಾನಿನ ಡೈಗೋ ಉಮೆಹಾರಾ, ಕೆನ್ ಅನ್ನೋ ಪಾತ್ರ ಹಿಡಿದಿದ್ದಾನೆ. ಇನ್ನೊಂದು ಕಡೆ ಅಮೆರಿಕದ ಜಸ್ಟಿನ್ ವಾಂಗ್, ಅವನದು ಚುನ್-ಲಿ. ಡೈಗೋನ ಜೀವದ ಪಟ್ಟಿಯಲ್ಲಿ ಉಳಿದಿರುವುದು ಒಂದು ಕೂದಲೆಳೆ. ಚುನ್-ಲಿ ತನ್ನ ದೊಡ್ಡ ಅಸ್ತ್ರ ಬಿಡುತ್ತಾಳೆ, ಸಾಲಾಗಿ ಹದಿನೈದು ಒದೆ. ಕೈ ಅಡ್ಡ ಹಿಡಿದರೂ ಕೆಲಸ ಆಗೋದಿಲ್ಲ. ಇಂಥ ಅಸ್ತ್ರಗಳನ್ನು ತಡೆದರೂ ಚೂರು ಚೂರು ಜೀವ ಸೋರುತ್ತದೆ, ಮತ್ತು ಅವನ ಹತ್ತಿರ ಇರುವುದೇ ಒಂದು ಚೂರು. ಆದರೆ ಆ ಮಹಾರಾಯ ಹದಿನೈದೂ ಒದೆಗಳನ್ನು ಒಂದೊಂದಾಗಿ ತಟ್ಟಿ ಬದಿಗೆ ಸರಿಸುತ್ತಾನೆ. ಕೊನೆಯದನ್ನು ಗಾಳಿಯಲ್ಲಿ. ನೆಲಕ್ಕಿಳಿದು ಚುನ್-ಲಿಯ ಕಥೆ ಮುಗಿಸುತ್ತಾನೆ. ಅಲ್ಲಿದ್ದ ಜನ ಎದ್ದು ಕೂಗಿದ ರೀತಿ ನೋಡಬೇಕು ನೀವು, ಚಿನ್ನಸ್ವಾಮಿಯಲ್ಲಿ ಕೊನೇ ಬಾಲಿಗೆ ಸಿಕ್ಸರ್ ಹೋದ ಹಾಗೆ.

ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನೋಡಿ ನೋಡಿ, ಹದಿನೈದು ಒದೆ ತಡೆದದ್ದು ನಾನೇ ಇರಬೇಕು ಅನ್ನುವ ಹಂತಕ್ಕೆ ಬಂದಿದ್ದೆ. ಅಂದಹಾಗೆ ಆ ಪಂದ್ಯಾವಳಿಯನ್ನು ಡೈಗೋ ಗೆಲ್ಲಲಿಲ್ಲ. ಫೈನಲ್‌ನಲ್ಲಿ ಸೋತ. ಈ ವಿಷಯ ನನಗೆ ಗೊತ್ತಾದದ್ದು ತೀರಾ ಈಚೆಗೆ. ಹೊಗಳುವ ಗಡಿಬಿಡಿಯಲ್ಲಿ ವಿಚಾರಿಸೋಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಹಾಗಂತ ನಾನು ಪೂರ್ತಿ ಹುಸಿಯಲ್ಲ. ಹಾಸನದಲ್ಲಿ ಹೈಸ್ಕೂಲು ಓದುವಾಗ ಬಸ್ ಸ್ಟ್ಯಾಂಡ್ ಹತ್ತಿರ, ಸೈಕಲ್ ಶಾಪಿನ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿಯಿತ್ತು. ಅಂಗಡಿ ಅಂದರೆ ಒಂದು ಕತ್ತಲೆ ಕೋಣೆ, ನಾಲ್ಕು ಮಷೀನು, ಬೀಡಿ ವಾಸನೆ. ಅಲ್ಲಿದ್ದದ್ದು 1991ರ ‘ಸ್ಟ್ರೀಟ್ ಫೈಟರ್ 2’. ರೂಪಾಯಿಗೆ ಒಂದಾಟ. ಸಕ್ಕರೆ ತರೋಕೆ ಕೊಟ್ಟ ದುಡ್ಡಿನಲ್ಲಿ ಮನೆಗೆ ಮರಳದ ಚಿಲ್ಲರೆಯೆಲ್ಲ ಆ ಮಷೀನಿನ ಹೊಟ್ಟೆಯಲ್ಲಿದೆ. ರ್‍ಯೂ ಕೈಯಿಂದ ನೀಲಿ ಉಂಡೆ ಬಿಡುವಾಗ ಕೂಗುತ್ತಿದ್ದ ಜಪಾನಿ ಮಾತು ನಮಗೆ ‘ಆಡೂಕೆ’ ಅಂತ ಕೇಳುತ್ತಿತ್ತು. ಆಡೋಕೆ ತಾನೇ ಬಂದಿರೋದು, ಸರಿಯಾಗೇ ಹೇಳುತ್ತಿದ್ದಾನೆ ಅಂದುಕೊಂಡಿದ್ದೆವು. ನಮ್ಮ ದೇಶದವನೂ ಒಬ್ಬನಿದ್ದ, ಧಾಲ್ಸಿಮ್. ಕೈಕಾಲು ರಬ್ಬರಿನ ಹಾಗೆ ಉದ್ದ ಬಿಡುವ, ಬಾಯಿಂದ ಬೆಂಕಿ ಉಗುಳುವ ಯೋಗಿ. ಕೊರಳಲ್ಲಿ ತಲೆಬುರುಡೆ ಸರ. ಅವನ ಊರಿನ ಅಂಗಳದಲ್ಲಿ ಆನೆಗಳು ಸಾಲಾಗಿ ನಿಂತು ಘೀಳಿಡುತ್ತಿದ್ದವು. ನಾವ್ಯಾರೂ ಅವನನ್ನು ಆರಿಸುತ್ತಿರಲಿಲ್ಲ, ತುಂಬಾ ನಿಧಾನ. ಆದರೆ ಅವನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮಾತ್ರ ರಕ್ತ ಕುದಿಯುತ್ತಿತ್ತು.

ಈ ವರ್ಷ ಯುಗಾದಿ ರಜೆಯಲ್ಲಿ ಕೊನೆಗೂ ಕೊಂಡೆ. ಹಳೆಯ ಹನ್ನೆರಡು ಸ್ಟ್ರೀಟ್ ಫೈಟರ್‌ಗಳನ್ನು ಸೇರಿಸಿ 2018ರಲ್ಲಿ ಒಂದು ಕಟ್ಟು ಬಿಟ್ಟಿದ್ದರು. ಅದು ಸೇಲ್‌ನಲ್ಲಿ ಸಿಕ್ಕಿತು. ಎರಡು ಕಂಟ್ರೋಲರೂ ಬಂತು. ಹೋಳಿಗೆ ಉಂಡು, ಬಾಗಿಲು ಹಾಕಿಕೊಂಡು, ಕೈಯ ನೆಟಿಗೆ ಮುರಿದು ಕೂತೆ.

ಮೊದಲ ಆಘಾತ, ಧಾಲ್ಸಿಮ್ ಇಲ್ಲ. ಸುಮ್ನೆ ಹುಡುಕಿದೆ, ಸಾಲನ್ನು ಎರಡು ಸಲ ಸುತ್ತಿದೆ. ಇಲ್ಲವೇ ಇಲ್ಲ. 1997ರಲ್ಲಿ ಮೂರನೇ ಸ್ಟ್ರೀಟ್ ಫೈಟರ್ ಮೊದಲು ಬಂದಾಗ ಹಳಬರಲ್ಲಿ ರ್‍ಯೂ ಮತ್ತು ಕೆನ್ ಇಬ್ಬರನ್ನೇ ಉಳಿಸಿಕೊಂಡು ಮಿಕ್ಕವರನ್ನೆಲ್ಲ ಮನೆಗೆ ಕಳಿಸಿದ್ದರಂತೆ. ಚುನ್-ಲಿ ವಾಪಸ್ ಬಂದದ್ದೇ ಥರ್ಡ್ ಸ್ಟ್ರೈಕಿನಲ್ಲಿ. ಉಳಿದವರೆಲ್ಲ ನನಗೆ ಹೊಸಬರು. ಗುಲಾಬಿ ಹಿಡಿದ ಇಂಗ್ಲಿಷ್ ಬಾಕ್ಸರ್. ಉದ್ದ ಕೋಟು ಹಾಕಿ ಮುಖವಾಡ ತೊಟ್ಟ ‘ಕ್ಯೂ’ ಅನ್ನೋ ಒಬ್ಬ, ಎಲ್ಲಿಂದ ಬಂದ ಏನು ಕಥೆ ಒಂದೂ ತಿಳಿಯದು. ಒಂದೇ ಕೈಯಲ್ಲಿ ಹೊಡೆದಾಡುವ ಮುದುಕ ಒರೋ. ಹಿನ್ನೆಲೆಯಲ್ಲಿ ಹಿಪ್‌ಹಾಪ್ ಹಾಡು. ನೆಂಟರ ಮದುವೆ ಅಂತ ತಪ್ಪು ಛತ್ರಕ್ಕೆ ನುಗ್ಗಿದ ಹಾಗಾಯಿತು. ಊಟ ಚೆನ್ನಾಗೇ ಇರಬಹುದು, ಆದರೆ ಮುಖ ಒಂದೂ ಗುರುತಿಲ್ಲ.

ಇರಲಿ, ಕೆನ್ ಇದ್ದಾನಲ್ಲ. ಅವನನ್ನೇ ಹಿಡಿದೆ. ಈಗ ಅಸಲಿ ವಿಷಯಕ್ಕೆ ಬರೋಣ, ಆ ತಟ್ಟಿ ಸರಿಸುವ ವಿದ್ಯೆಗೆ. ಅದಕ್ಕೆ ಪ್ಯಾರಿ ಅನ್ನುತ್ತಾರೆ. ಹಾಸನದ ಮಷೀನಿನಲ್ಲಿ ನಾವು ಕಲಿತದ್ದು ಏನು? ಏಟು ಬರುತ್ತಿದೆಯಾ, ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿ. ಮನುಷ್ಯನ ಸ್ವಭಾವವೂ ಅದೇ ಅಲ್ವಾ? ಥರ್ಡ್ ಸ್ಟ್ರೈಕಿನಲ್ಲೂ ಹಾಗೆ ಹಿಡಿಯಬಹುದು. ಆದರೆ ಪ್ಯಾರಿ ಬೇಕೆಂದರೆ ಏಟು ಮೈಗೆ ತಾಗುವ ಆ ಕ್ಷಣಕ್ಕೆ ಸರಿಯಾಗಿ ಸ್ಟಿಕ್ಕನ್ನು ಮುಂದಕ್ಕೆ ತಟ್ಟಬೇಕು. ಒದೆ ಬರುತ್ತಿರುವ ಕಡೆಗೇ! ತಟ್ಟಿದ್ದು ಬೇಗವಾದರೂ ಏಟು, ತಡವಾದರೂ ಏಟು. ಕಾಲಿಗೆ ಬರುವ ಏಟಾದರೆ ಕೆಳಕ್ಕೆ ತಟ್ಟಬೇಕು. ಇದನ್ನು ನಾನು ಕ್ಯಾಂಟೀನಿನಲ್ಲಿ ಎಷ್ಟು ಸೊಗಸಾಗಿ ವಿವರಿಸುತ್ತಿದ್ದೆ ಅಂತೀರಿ, ಚಮಚವನ್ನು ಸ್ಟಿಕ್ ಮಾಡಿಕೊಂಡು!

ಬಾಯಿಗೆ ಗೊತ್ತಿದ್ದದ್ದು ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಒದೆ ಬಂದಾಗಲೆಲ್ಲ ಬೆರಳು ತಾನಾಗಿ ಹಿಂದಕ್ಕೆ ಓಡುತ್ತದೆ. ಬೈದು ಮುಂದಕ್ಕೆ ಕಳಿಸಿದರೆ ಕೆನ್ ಎದೆಯುಬ್ಬಿಸಿಕೊಂಡು ನಡೆದುಹೋಗಿ ಒದೆಗೆ ಮುಖ ಕೊಡುತ್ತಾನೆ.

ನಡುವೆ ಒಂದು ಬೋನಸ್ ಹಂತ ಬರುತ್ತದೆ. ಶಾನ್ ಅನ್ನೋ ಹುಡುಗ ಆಚೆ ನಿಂತು ಬಾಸ್ಕೆಟ್‌ಬಾಲ್ ಎಸೆಯುತ್ತಾನೆ, ನಾವು ಒಂದೊಂದನ್ನೂ ಪ್ಯಾರಿ ಮಾಡಬೇಕು. ಕಲಿಯಲಿ ಪಾಪ ಅಂತ ಇಟ್ಟದ್ದು. ಮೊದಲ ಚೆಂಡು ಹಣೆಗೆ ಬಡಿಯಿತು. ಎರಡನೆಯದು ಹೊಟ್ಟೆಗೆ. ಮೂರನೆಯದಕ್ಕೆ ಮೊದಲೇ ತಯಾರಾಗಿ, ಉಸಿರು ಹಿಡಿದು, ಸರಿಯಾಗಿ ತಟ್ಟಿದೆ. ಆದರೆ ಅದು ಕಾಲಿಗೆ ಬಂದ ಚೆಂಡಾಗಿತ್ತು. ನಾಲ್ಕನೆಯದು ಬರುವಾಗ ನಾನು, ಮಂಚದ ಮೇಲೆ ಕೂತಿದ್ದ ಖಾಸಾ ನಾನು, ತಲೆ ಬಗ್ಗಿಸಿದೆ. ಬಾಗಿಲಲ್ಲಿ ನಗು ಕೇಳಿಸಿತು. ಹೆಂಡತಿ ಕಾಫಿ ಹಿಡಿದು ನಿಂತಿದ್ದಳು.

‘ಹದಿನೈದು ಒದೆ ತಡೆಯೋ ಗೇಮ್ ಇದೇನಾ ರೀ?’

‘ಇದೇ. ಅಭ್ಯಾಸ ಬೇಕು.’

‘ಉತ್ತರನ ಪೌರುಷ ಒಲೆ ಮುಂದೆ’ ಅಂದು ಕಾಫಿ ಇಟ್ಟು ಹೋದಳು. ಒಲೆ ಅವಳದೇ, ಅವಳಿಗೆ ಗೊತ್ತಿರುತ್ತದೆ.

ಗೆದ್ದರೂ ಸಮಾಧಾನವಿಲ್ಲ ಈ ಆಟದಲ್ಲಿ. ಹೊಡೆದಾಟ ಮುಗಿದ ಮೇಲೆ ನೀವು ಹೇಗೆ ಆಡಿದಿರಿ ಅಂತ ಗ್ರೇಡ್ ಕೊಡುತ್ತದೆ. ನಾನು ಬೆವರು ಸುರಿಸಿ ಗೆದ್ದ ಪಂದ್ಯಕ್ಕೆ ‘ಡಿ’ ಬಂತು. ಎದುರಾಳಿಯನ್ನು ನೆಲಕ್ಕೆ ಕೆಡವಿದ್ದೇನೆ, ಅವನಿನ್ನೂ ಎದ್ದಿಲ್ಲ, ನನಗೆ ‘ಡಿ’. ಅಪ್ಪ ನನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ ಬಿಡುತ್ತಿದ್ದ ನಿಟ್ಟುಸಿರು ಕೇಳಿಸಿದ ಹಾಗಾಯಿತು.

ಕಷ್ಟದ ಮಟ್ಟವನ್ನು ತೀರಾ ಕೆಳಗಿಳಿಸಿ (ಇದನ್ನು ಯಾರಿಗೂ ಹೇಳಬೇಡಿ), ಸೋತಾಗಲೆಲ್ಲ ಮತ್ತೆ ಎದ್ದು, ಮೂರನೇ ದಿನ ಕೊನೆಯ ಶತ್ರು ಗಿಲ್‌ನ ಎದುರು ನಿಂತೆ. ಅರ್ಧ ಮೈ ಕೆಂಪು, ಅರ್ಧ ನೀಲಿ. ಒಂದು ಕಡೆ ಬೆಂಕಿ, ಒಂದು ಕಡೆ ಮಂಜು. ಹೇಗೋ ಮೂಲೆಗೆ ತಳ್ಳಿ, ಸಿಕ್ಕ ಗುಂಡಿಯನ್ನೆಲ್ಲ ಒತ್ತಿ ಕೆಡವಿದೆ. ‘ಬಿದ್ದ!’ ಅಂತ ಕೂಗಿದೆ. ಮಗಳೂ ಓಡಿ ಬಂದಳು. ಆಗ ಗಿಲ್ ಮೆಲ್ಲಗೆ ಮೇಲೆದ್ದು, ಗಾಳಿಯಲ್ಲಿ ನಿಂತು, ಮೈತುಂಬ ಬೆಳಕು ಹೊಮ್ಮಿಸಿ, ಜೀವದ ಪಟ್ಟಿಯನ್ನು ಮತ್ತೆ ತುಂಬಿಸಿಕೊಂಡ. ಅವನ ಅಸ್ತ್ರದ ಗೇಜು ತುಂಬಿದ್ದರೆ ಸತ್ತರೂ ಹೀಗೆ ಎದ್ದು ಬರುತ್ತಾನಂತೆ. ಎರಡು ಹೋಳು ಸೇರಿ ಆದವನು, ಕೊಂದರೂ ಏಳುವವನು. ಥೇಟ್ ಜರಾಸಂಧ. ಭೀಮನಿಗಾದರೆ ಪಕ್ಕದಲ್ಲಿ ಕಡ್ಡಿ ಸೀಳಿ ತಿರುವಿ ಎಸೆದು ತೋರಿಸೋಕೆ ಕೃಷ್ಣನಿದ್ದ. ನನ್ನ ಪಕ್ಕದಲ್ಲಿ ಮಗಳಿದ್ದಳು. ‘ಅಪ್ಪಾ, ಅವನೇ ಗೆದ್ದ ಅಂದ್ಕೊಂಡು ಊಟಕ್ಕೆ ಬಾ’ ಅಂದಳು.

ಹಾಸನದ ಅಂಗಡಿಯಲ್ಲಿ ಹೀಗೆ ಯಾರಾದರೂ ಸತ್ತು ಎದ್ದಿದ್ದರೆ ಮಾಲೀಕರ ಜೊತೆ ಜಗಳವಾಗಿ ರೂಪಾಯಿ ವಾಪಸ್ ಸಿಗುತ್ತಿತ್ತು.

ಇಷ್ಟರಲ್ಲೇ ಮುಗಿಸಬಹುದಿತ್ತು. ಆದರೆ ಸೋಮವಾರ ಆಫೀಸಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಕೇಳಿದ. ‘ಸಾರ್, ಥರ್ಡ್ ಸ್ಟ್ರೈಕ್ ತಗೊಂಡ್ರಂತೆ, ಹೇಗಿದೆ?’ ಅವನೂ ಈ ಆಟದ ದೊಡ್ಡ ಭಕ್ತ, ಕಾಲೇಜಿನಲ್ಲಿ ಊಟ ಬಿಟ್ಟು ಆಡುತ್ತಿದ್ದನಂತೆ. ಹದಿನೈದು ವರ್ಷದ ಮರ್ಯಾದೆಯ ಪ್ರಶ್ನೆ. ‘ಅದ್ಭುತ ಮಾರಾಯ’ ಅಂದೆ. ‘ಹಾಗಾದ್ರೆ ಶನಿವಾರ ಬರ್ತೀನಿ ಸಾರ್’ ಅಂದ.

ನಾಲ್ಕು ರಾತ್ರಿ ಬಾಸ್ಕೆಟ್‌ಬಾಲ್ ತಿಂದೆ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು.

ಶನಿವಾರ ಹುಡುಗ ಬಂದ. ನಾನು ಕೆನ್, ಅವನು ಚುನ್-ಲಿ. ಎದೆ ಡವಡವ. ಪಂದ್ಯ ಶುರುವಾಯಿತು. ಅವನು ಹೊಡೆಯುತ್ತಾನೆ ಅಂತ ನಾನು ಹಿಂದೆ ಸರಿದೆ. ಅವನೂ ಹಿಂದೆ ಸರಿದ. ಕಾದು ನೋಡುತ್ತಿದ್ದಾನೆ, ಪಕ್ಕಾ ಆಟಗಾರ ಅಂದುಕೊಂಡು ನಾನು ಇನ್ನಷ್ಟು ಸರಿದೆ. ಕೆನ್ ಈ ಮೂಲೆ ಸೇರಿದ, ಚುನ್-ಲಿ ಆ ಮೂಲೆ. ಮೇಲೆ ಗಡಿಯಾರ ತೊಂಬತ್ತೊಂಬತ್ತರಿಂದ ಇಳಿಯುತ್ತಲೇ ಇತ್ತು. ಓರೆಗಣ್ಣಲ್ಲಿ ಅವನ ಕೈ ನೋಡಿದೆ. ಅವನ ಹೆಬ್ಬೆರಳೂ ಹಿಂದಕ್ಕೆ ಒತ್ತಿ ಒತ್ತಿ ಬೆಳ್ಳಗಾಗಿತ್ತು.

ನಾನು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಮತ್ತೆ ಟಿವಿ ಕಡೆ ತಿರುಗಿದೆವು.

‘ಏನು ಡೆಪ್ತ್ ಅಲ್ವಾ ಸಾರ್ ಈ ಗೇಮಲ್ಲಿ’ ಅಂದ.

‘ಇನ್ನೇನು ಮತ್ತೆ’ ಅಂದೆ.

ಗಡಿಯಾರ ಸೊನ್ನೆಗೆ ಬಂತು. ಒಳಗಿಂದ ಹೆಂಡತಿ ಕೇಳಿದಳು, ‘ಯಾರು ಗೆದ್ರೀ?’