ಟ್ಯಾಂಕ್ ಇವತ್ತು ತಗೊಳ್ರಿ, ಮೀನು ಮುಂದಿನ ತಿಂಗಳು ತಗೊಳ್ರಿ

ದಾವಣಗೆರೇಲಿ ಅಕ್ವೇರಿಯಂ ಅಂಗಡೀಲಿ ಕೆಲಸ ಮಾಡೋಳು ನಾನು. ಇದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಈ ಭಾನುವಾರ ಆಗಿದ್ದು ನೋಡಿದ ಮೇಲೆ ಇನ್ನು ಸುಮ್ನೆ ಇರೋಕಾಗಲ್ಲ ಅನ್ನಿಸ್ತು. ಉದ್ದ ಆಗುತ್ತೆ, ಆದ್ರೂ ಮನೇಲಿ ಮೀನು ಇಟ್ಟಿರೋರು, ಇಡಬೇಕು ಅಂತ ಆಸೆ ಇರೋರು ದಯವಿಟ್ಟು ಪೂರ್ತಿ ಓದ್ರಿ.

ನಮ್ಮಲ್ಲಿ ಮೀನು ಕೇಳಿದ ತಕ್ಷಣ ಕವರಿಗೆ ಹಾಕಿ ಕೊಡಲ್ಲ. ಮೊದ್ಲು ಕೇಳ್ತೀವಿ, ಟ್ಯಾಂಕ್ ಎಷ್ಟು ಫೂಟು, ನೀರು ತುಂಬಿ ಎಷ್ಟು ದಿನ ಆಯ್ತು, ಫಿಲ್ಟರ್ ಐತಾ, ಬೋರ್ ನೀರಾ ನಲ್ಲಿ ನೀರಾ, ಒಳಗೆ ಈಗ ಯಾವ್ಯಾವ ಮೀನು ಅದಾವೆ ಅಂತ. ಇಷ್ಟು ಕೇಳೋದ್ರಾಗೆ ಅರ್ಧ ಜನಕ್ಕೆ ಸಿಟ್ಟು ಬಂದುಬಿಟ್ಟಿರುತ್ತೆ. "ಏನಮ್ಮಾ, ಹೆಣ್ಣು ಕೇಳೋಕೆ ಬಂದೋರನ್ನ ವಿಚಾರಿಸ್ದಂಗೆ ವಿಚಾರಿಸ್ತೀಯಲ್ಲ, ಐವತ್ತು ರೂಪಾಯಿ ಮೀನು ಅದು, ಕೊಡು" ಅಂತಾರೆ. ಇನ್ನು ಕೆಲವರು ನನ್ ಜೊತೆ ಮಾತೇ ಆಡಲ್ಲ, ಓನರ್ ಇಲ್ವಾ, ಗಂಡಸರು ಯಾರಾದ್ರೂ ಇದ್ರೆ ಕರಿ ಅಂತಾರೆ. ಓನರ್ ಬಂದು ನಾನು ಕೇಳಿದ್ದೇ ಕೇಳಿದ್ರೆ ಆಗ ನಿಧಾನಕ್ಕೆ ಉತ್ತರ ಕೊಡ್ತಾರೆ. ಆ ಟ್ಯಾಂಕುಗಳ ನೀರು ಬದಲಾಯಿಸೋದು, ರೋಗ ಬಂದ ಮೀನಿಗೆ ಔಷಧಿ ಹಾಕೋದು, ಸತ್ತದ್ದನ್ನ ಎತ್ತೋದು ಎಲ್ಲಾ ನಾನೇ ಮಾಡೋದು, ಅದು ಅವರಿಗೆ ಲೆಕ್ಕಕ್ಕೆ ಬರಲ್ಲ, ಅದಕ್ಕೆ ನಿಜವಾಗ್ಲೂ ನೋವಾಗುತ್ತೆ.

ಭಾನುವಾರ ಆಗಿದ್ದು ಹೇಳ್ತೀನಿ. ಸಂಜೆ ಫುಲ್ ರಶ್, ಒಂದು ಫ್ಯಾಮಿಲಿ ಬಂತು, ಮಗನ ಬರ್ತ್‌ಡೇ ಅಂತೆ, ರಿಟರ್ನ್ ಗಿಫ್ಟಿಗೆ ಇಪ್ಪತ್ತೈದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಂದೊಂದ್ರಲ್ಲಿ ಒಂದೊಂದು ಗೋಲ್ಡ್ ಫಿಶ್, ಮೇಲೆ ರಿಬ್ಬನ್ ಕಟ್ಟಿ ಕೊಡ್ರಿ ಅಂದ್ರು. ಡಬ್ಬಿ ಅಂದ್ರೆ ಅಂಗೈ ಅಷ್ಟಗಲ, ಕಾಲು ಲೀಟರ್ ನೀರು ಹಿಡಿಯಲ್ಲ. ಸಾರ್ ಇದ್ರಲ್ಲಿ ನಾಳೆ ಬೆಳಿಗ್ಗೆವರೆಗೂ ಇರಲ್ಲ, ಮಕ್ಕಳ ಕೈಯಲ್ಲೇ ಸಾಯುತ್ತೆ, ಬೇಕಾದ್ರೆ ಚಿಕ್ಕ ಮನಿಪ್ಲಾಂಟ್ ಗಾಜಿನ ಬಾಟ್ಲಿಲಿ ಹಾಕಿ ಕೊಡ್ತೀನಿ ಅಂದೆ. ಅವರು, "ಸತ್ರೆ ಸಾಯ್ಲಿ ಬಿಡಮ್ಮ, ಹುಡುಗ್ರು ಒಂದಿನ ಖುಷಿ ಪಡ್ತಾರೆ" ಅಂದ್ರು. ನಾನು ಕೊಡಲ್ಲ ಅಂದೆ. ಊರಾಗೆ ನೀನೊಬ್ಳೇ ಇಟ್ಟಿಲ್ಲ ಅಂಗಡಿ, ಸಂಬಳಕ್ಕೆ ಇರೋಳು ಇಷ್ಟೊಂದು ಮಾತಾಡ್ತೀಯಾ ಅಂತ ಎಲ್ಲರ ಮುಂದೆ ಬೈದು ಹೋದ್ರು. ಅಲ್ಲಿ ನಿಂತಿದ್ದ ಒಬ್ಬರೂ ಒಂದು ಮಾತು ಆಡ್ಲಿಲ್ಲ. ಓನರ್ ಮಾತ್ರ ಒಳ್ಳೇ ಕೆಲಸ ಮಾಡ್ದೆ ಅಂದ್ರು, ಅದಕ್ಕೇ ಇನ್ನೂ ಅಲ್ಲಿ ಕೆಲಸ ಮಾಡ್ತಿದ್ದೀನಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮತ್ರ ಬರೋ ಕಂಪ್ಲೇಂಟ್ ಹೆಚ್ಚುಕಮ್ಮಿ ಒಂದೇ, "ನೀವು ಕೊಟ್ಟ ಮೀನು ಮೂರು ದಿನಕ್ಕೆ ಸತ್ತೋಯ್ತು, ರೋಗದ ಮೀನು ಕೊಟ್ಟಿದ್ದೀರ". ರೋಗ ಇರೋ ಮೀನು ಎಲ್ಲೂ ಬರಲ್ಲ ಅಂತ ನಾನು ಹೇಳಲ್ಲ, ಬರುತ್ತೆ. ಚೆನ್ನೈ ಕೊಳತ್ತೂರಿಂದ, ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಥರ್ಮೋಕೋಲ್ ಬಾಕ್ಸಲ್ಲಿ ಆಕ್ಸಿಜನ್ ತುಂಬಿದ ಕವರಲ್ಲಿ ಬರ್ತಾವೆ, ಸುಸ್ತಾಗಿ ಬಣ್ಣ ಬಿಳಚಿಕೊಂಡಿರ್ತಾವೆ, ಅದಕ್ಕೇ ನಾವು ಅವನ್ನ ಬೇರೆ ಟ್ಯಾಂಕಲ್ಲಿ ಇಟ್ಟು ನೋಡಿ ಆಮೇಲೆ ಮಾರೋದು. ಆದ್ರೆ ಹೊಸ ಟ್ಯಾಂಕಿಗೆ ಹೋಗಿ ಮೂರ್ನಾಲ್ಕು ದಿನಕ್ಕೆ ಸಾಯೋ ಮೀನು ಬಹುಪಾಲು ಸಾಯೋದು ನೀರಿಂದ. ಮೀನು ಕಿವಿರಿಂದಾನೇ ಅಮೋನಿಯಾ ಬಿಡುತ್ತೆ, ಅದರ ಹೇಲು, ತಿನ್ನದೆ ಉಳಿದ ಫುಡ್ ಕೊಳೆತ್ರೂ ಅಮೋನಿಯಾನೇ. ಹಳೇ ಟ್ಯಾಂಕಲ್ಲಿ ಅದನ್ನ ತಿನ್ನೋ ಬ್ಯಾಕ್ಟೀರಿಯಾ ಇರುತ್ತೆ, ಒಂದು ಜಾತಿ ಅಮೋನಿಯಾನ ನೈಟ್ರೈಟ್ ಮಾಡುತ್ತೆ, ಅದೂ ವಿಷಾನೇ, ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ, ಅದರಿಂದ ಅಷ್ಟು ತೊಂದ್ರೆ ಇಲ್ಲ, ವಾರಕ್ಕೊಂದ್ಸಲ ಕಾಲು ಭಾಗ ನೀರು ಬದಲಾಯಿಸಿದ್ರೆ ಕಮ್ಮಿ ಆಗುತ್ತೆ. ಈ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಲ್ಲಿ, ಕಲ್ಲಲ್ಲಿ, ಮರಳಲ್ಲಿ ಕೂತು ಬೆಳೆಯೋಕೆ 4ರಿಂದ 6 ವಾರ ಬೇಕು. ಇವತ್ತು ಟ್ಯಾಂಕ್ ತಗೊಂಡು ಇವತ್ತೇ ಹತ್ತು ಮೀನು ಬಿಟ್ರೆ ಅಲ್ಲಿ ಬ್ಯಾಕ್ಟೀರಿಯಾ ಇರೋದೇ ಇಲ್ಲ, ಮೀನು ತಾನು ಬಿಟ್ಟ ವಿಷದಲ್ಲೇ ಉಸಿರಾಡಬೇಕು.

ನೀರು ತಿಳಿಯಾಗೇ ಐತಲ್ರಿ ಅಂತ ಎಲ್ಲರೂ ಹೇಳ್ತಾರೆ. ಅಮೋನಿಯಾ ಕಣ್ಣಿಗೆ ಕಾಣಲ್ಲ. ನಿಟ್ಟುವಳ್ಳಿ ಕಡೆಯಿಂದ ಒಬ್ಬರು ಸತ್ತ ಮೀನು ಕವರಲ್ಲಿ ಹಾಕ್ಕೊಂಡು ಬಂದಿದ್ರು, ದುಡ್ಡು ವಾಪಸ್ ಕೊಡ್ರಿ ಅಂತ ಜೋರು ಮಾಡ್ತಿದ್ರು. ಮೀನಿನ ಕಿವಿರು ನೋಡಿದ್ರೆ ಸುಟ್ಟಂಗೆ ಕೆಂಪಾಗಿತ್ತು. ಅವರ ಟ್ಯಾಂಕಿನ ನೀರು ಸ್ವಲ್ಪ ಮನೆಯಿಂದ ಬಾಟ್ಲಿಲಿ ತರಿಸ್ಕೊಂಡು, ಅವರ ಮುಂದೇನೇ ಟೆಸ್ಟ್ ಟ್ಯೂಬಿಗೆ 5 ಎಂಎಲ್ ನೀರು ಹಾಕಿ ಅಮೋನಿಯಾ ಟೆಸ್ಟ್ ಕಿಟ್ಟಿನ ಎರಡು ಬಾಟ್ಲಿಯಿಂದ ಹನಿ ಬಿಟ್ಟು ಅಲ್ಲಾಡಿಸಿ ಇಟ್ಟೆ. ನಮ್ಮ ಅಂಗಡಿ ಟ್ಯಾಂಕಿನ ನೀರೂ ಪಕ್ಕದಲ್ಲೇ ಇನ್ನೊಂದು ಟ್ಯೂಬಲ್ಲಿ ಇಟ್ಟೆ. ಐದು ನಿಮಿಷಕ್ಕೆ ನಮ್ಮದು ಹಳದಿಯಾಗೇ ಇತ್ತು, ಅವರದು ಹಸಿರು ತಿರುಗಿ ಕಡು ಹಸಿರಾಗಿ ನಿಂತ್ಕೊಂತು. ಹಸಿರು ಕಡು ಆದಷ್ಟೂ ಅಮೋನಿಯಾ ಜಾಸ್ತಿ ಅಂತ ಚಾರ್ಟ್ ತೋರಿಸ್ದೆ. ಆ ಮನುಷ್ಯ ಸುಮಾರು ಹೊತ್ತು ಎರಡು ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡಿದ್ರು, ಆಮೇಲೆ "ಹಂಗಾದ್ರೆ ಉಳಿದಿರೋವು ಹೆಂಗ್ ಉಳಿಸ್ಕೊಳ್ಳೋದು ಹೇಳಮ್ಮ" ಅಂದ್ರು. ಅಲ್ಲಿಗೆ ಜಗಳ ಮುಗೀತು.

ಅವರ ಟ್ಯಾಂಕ್ 2 ಫೂಟು ಉದ್ದ, 1 ಅಗಲ, 1 ಎತ್ತರ, ಕಂಠಮಟ್ಟ ತುಂಬಿದ್ರೂ 56 ಲೀಟರ್. ಅದ್ರಲ್ಲಿ ಒಂಬತ್ತು ಗೋಲ್ಡ್ ಫಿಶ್, ಎಂಟು ಕೆಂಪು ಒಂದು ಕಪ್ಪು, ವಾಸ್ತು ಪ್ರಕಾರ. ಗೋಲ್ಡ್ ಫಿಶ್ ಬಹಳ ಗಲೀಜು ಮಾಡೋ ಮೀನು, ಗೇಣುದ್ದ ಬೆಳೆಯುತ್ತೆ, ಸರಿಯಾಗಿ ನೋಡ್ಕೊಂಡ್ರೆ ಹತ್ತು ವರ್ಷ ದಾಟಿ ಬದುಕುತ್ತೆ. ಆ ಟ್ಯಾಂಕಿಗೆ ಒಂದೋ ಎರಡೋ, ಅದೂ ಮರಿ ಇದ್ದಾಗ ಮಾತ್ರ. ವಾಸ್ತು ನಂಬೋದು ಬಿಡೋದು ಅವರವರ ಮನೆ ವಿಚಾರ, ನಾನು ಅದಕ್ಕೆ ಎದುರು ಮಾತಾಡಲ್ಲ. ಆದ್ರೆ ಒಂದು ಮಾತು ಕೇಳಿದ್ರೆ ಮಾತ್ರ ನಂಗೆ ಸಂಕಟ ಆಗುತ್ತೆ, "ಮೀನು ಸತ್ರೆ ಒಳ್ಳೇದಂತೆ, ಮನೆ ಮೇಲೆ ಬಂದಿದ್ದ ಕಂಟಕ ಅದು ತಗೊಂಡು ಹೋಯ್ತಂತೆ" ಅಂತಾರಲ್ಲ ಅದು. ಹಿಂಗೆ ಹೇಳಿ ಮತ್ತೆ ಮೂರು ಮೀನು ತಗೊಂಡು ಹೋಗ್ತಾರೆ, ಅದೂ ಸಾಯುತ್ತೆ, ಮತ್ತೆ ಬರ್ತಾರೆ. ಕಂಟಕ ತಗೊಂಡು ಹೋಗಿದ್ದಲ್ಲ ತಾಯಿ, ನೀರು ಸರಿ ಇಲ್ದೆ ಉಸಿರುಕಟ್ಟಿ ಹೋಗಿದ್ದು. ಈ ನಂಬಿಕೆ ಇರೋ ತನಕ ಯಾರೂ ಯಾಕೆ ಸತ್ತಿತು ಅಂತ ಕೇಳೋಕೇ ಹೋಗಲ್ಲ, ನಂಗೆ ಬೇಜಾರು ಅದಕ್ಕೇ.

ನಮ್ಮೂರಿನ ನೀರಿನ ಬಗ್ಗೆ ಹೇಳ್ಲೇಬೇಕು. ನಲ್ಲೀಲಿ ಬರೋ ತುಂಗಭದ್ರಾ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ನಮಗೆ ಒಳ್ಳೇದು, ಮೀನಿನ ಕಿವಿರಿಗೆ ಕೆಟ್ಟದ್ದು, ಬ್ಯಾಕ್ಟೀರಿಯಾನೂ ಸಾಯುತ್ತೆ. ಬಾಯಿ ತೆರೆದ ಬಕೆಟಲ್ಲಿ ಒಂದು ದಿನ ಪೂರ್ತಿ ಇಟ್ಟು ಹಾಕ್ರಿ, ಅಥವಾ ಆಂಟಿ ಕ್ಲೋರಿನ್ ಹನಿ ಹಾಕ್ರಿ. ಬೋರ್ ನೀರಿಗೆ ಕ್ಲೋರಿನ್ ಇರಲ್ಲ ಆದ್ರೆ ಗಡಸು, ಟ್ಯಾಂಕಿನ ಗಾಜಿಗೆ ಬಿಳೀ ಗೆರೆ ಕೂರುತ್ತಲ್ಲ ಅದೇ. ಆ ನೀರಿಗೆ ಡಿಸ್ಕಸ್, ನಿಯಾನ್ ಟೆಟ್ರಾ ಕೇಳ್ತಾರೆ, ಯೂಟ್ಯೂಬಲ್ಲಿ ನೋಡಿ ಬಂದಿರ್ತಾರೆ, ಅವು ಮೆದು ನೀರಿನ ಮೀನು. ಗಪ್ಪಿ, ಮೋಲಿ, ಪ್ಲಾಟಿ ತಗೊಳ್ರಿ, ಗಡಸು ನೀರು ಅವಕ್ಕೆ ಒಗ್ಗುತ್ತೆ, ಮರಿನೂ ಹಾಕ್ತಾವೆ ಅಂದ್ರೆ, ಗಪ್ಪಿನಾ, ಅದು ಸೊಳ್ಳೆಗೆ ಅಂತ ತೊಟ್ಟಿಗೆ ಬಿಡೋ ಮೀನಲ್ವಾ, ನಮಗೆ ಕಾಸ್ಟ್ಲಿದು ಕೊಡು ಅಂತಾರೆ. ಇನ್ನು ಬೇಸಿಗೆ. ಏಪ್ರಿಲಲ್ಲಿ ನಮ್ಮಲ್ಲಿ 38, 39 ಡಿಗ್ರಿ ಹೋಗುತ್ತೆ, ನೀರು ಬಿಸಿ ಆದಷ್ಟೂ ಅದ್ರಲ್ಲಿ ಆಕ್ಸಿಜನ್ ಕಮ್ಮಿ ಆಗುತ್ತೆ, ಗಡಸು ನೀರಲ್ಲಿ ಪಿಎಚ್ (ನೀರು ಹುಳಿನಾ ಕ್ಷಾರನಾ ಅನ್ನೋ ಅಳತೆ) ಜಾಸ್ತಿ ಇದ್ರೆ ಅದೇ ಅಮೋನಿಯಾ ಇನ್ನೂ ವಿಷ ಆಗುತ್ತೆ, ಇದ್ರ ಮಧ್ಯ ಮಧ್ಯಾಹ್ನ ಟೆರೇಸ್ ಮೇಲಿನ ಟ್ಯಾಂಕಿಂದ ಪೈಪ್ ಬಿಟ್ಟು ಸುಡು ಸುಡು ನೀರು ತುಂಬ್ತಾರೆ. ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತೆ. ಅದನ್ನ ನೋಡಿ ಹಸಿವಾಗಿದೆ ಅಂತ ಇನ್ನಷ್ಟು ಊಟ ಹಾಕ್ತಾರೆ, ಏನು ಹಾಕ್ತೀರಿ ಅಂತ ಕೇಳಿದ್ರೆ ಮಂಡಕ್ಕಿ ಅಂತಾರೆ. ಮಂಡಕ್ಕಿ ನೀರಲ್ಲಿ ನೆನೆದು ಕೆಳಗೆ ಕೊಳೆಯುತ್ತೆ. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟು ಮೀನಿನ ಫುಡ್ಡೇ ಸಾಕು.

ರಾತ್ರಿ ಸೌಂಡ್ ಅಂತಾನೋ ಕರೆಂಟ್ ಬಿಲ್ ಅಂತಾನೋ ಪಂಪ್ ಆಫ್ ಮಾಡೋರು ಬಹಳ. ಚಿಕ್ಕ ಏರ್ ಪಂಪು 5 ವ್ಯಾಟ್, 24 ಗಂಟೆ ಓಡಿಸಿದ್ರೂ ತಿಂಗಳಿಗೆ 4 ಯೂನಿಟ್ ಆಗಲ್ಲ. ಟ್ಯಾಂಕ್ ಕ್ಲೀನ್ ಮಾಡೋದು ಅಂದ್ರೆ ಮೀನನ್ನ ಬಕೆಟಿಗೆ ಹಾಕಿ, ನೀರೆಲ್ಲಾ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲಾ ಸೋಪ್ ಹಾಕಿ ತಿಕ್ಕೋದಲ್ಲ. ಹಂಗೆ ಮಾಡಿದ್ರೆ ತಿಂಗಳುಗಟ್ಟಲೆ ಬೆಳೆದಿದ್ದ ಬ್ಯಾಕ್ಟೀರಿಯಾ ಒಂದೇ ದಿನಕ್ಕೆ ಹೋಯ್ತು. ಸ್ಪಂಜನ್ನ ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡ್ರಿ, ಸಾಕು.

ಇನ್ನೊಂದು ವಿಷಯ, ಇದು ನಮ್ಮ ಕೆರೆಗಳ ವಿಷಯ, ಸ್ವಲ್ಪ ಸೀರಿಯಸ್ಸಾಗಿ ಕೇಳ್ರಿ. ಟ್ಯಾಂಕ್ ಕ್ಲೀನರ್ ಅಂತ ಸಕ್ಕರ್ ಫಿಶ್ ಕೇಳ್ತಾರೆ, ಎರಡು ಇಂಚಿಂದು ಕೊಡ್ತಾರೆ, ಅದು ಒಂದು ಅಡಿ ದಾಟಿ ಬೆಳೆಯುತ್ತೆ, ಕ್ಲೀನ್ ಮಾಡೋದಕ್ಕಿಂತ ಗಲೀಜು ಮಾಡೋದೇ ಜಾಸ್ತಿ. ಶಾರ್ಕ್ ಅಂತ ಮಕ್ಕಳು ಆಸೆ ಪಟ್ಟು ತಗೊಳ್ಳೋದು ಪಂಗಾಸಿಯಸ್, ಹೋಟೆಲಲ್ಲಿ ಬಾಸಾ ಅಂತ ಕೊಡ್ತಾರಲ್ಲ ಅದೇ ಜಾತಿ, ನದೀಲಿ ಮೂರ್ನಾಲ್ಕು ಅಡಿ ಬೆಳೆಯೋದು. ದೊಡ್ಡದಾದ ಮೇಲೆ ಫೋನ್ ಬರುತ್ತೆ, ವಾಪಸ್ ತಗೋತೀರಾ ಅಂತ, ಹಂಗೆ ಕೇಳೋರಿಗೆ ನಾನು ಕೈ ಮುಗೀತೀನಿ, ಯಾಕಂದ್ರೆ ಉಳಿದೋರು ಕುಂದವಾಡ ಕೆರೆಗೆ ಬಿಟ್ಟು ಬರ್ತೀವಿ, ಪಾಪ ಬದುಕ್ಲಿ ಅಂತಾರೆ. ಕುಂದವಾಡ ಕೆರೆ ನಾವು ಕುಡಿಯೋ ನೀರು. ಸಕ್ಕರ್ ಫಿಶ್ ಕೆರೆಗೆ ಬಿದ್ರೆ ದಂಡೇಲಿ ಬಿಲ ತೋಡುತ್ತೆ, ಮೈಮೇಲಿನ ಗಟ್ಟಿ ಮುಳ್ಳಿಂದ ಬೆಸ್ತರ ಬಲೆ ಹರಿಯುತ್ತೆ, ನಮ್ಮ ಊರ ಮೀನಿನ ಜಾಗ ತಿನ್ನುತ್ತೆ, ಆಂಧ್ರ, ಬಿಹಾರದ ಕಡೆ ನೀರಲ್ಲಿ ಈಗಾಗ್ಲೇ ಸೇರ್ಕೊಂಡು ಬಿಟ್ಟಿದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತ್ತು, ಅದು ಅಮೆರಿಕದ ಕಡೆ ಮೀನು, ತಾನಾಗೇ ಈಜಿಕೊಂಡು ಅಲ್ಲಿಗೆ ಬಂದಿರೋಕೆ ಸಾಧ್ಯಾನೇ ಇಲ್ಲ. ನಿಮಗೆ ಬೇಡ ಅಂದ್ರೆ ನಮಗೆ ತಂದುಕೊಡ್ರಿ, ದುಡ್ಡು ಕೊಡೋಕಾಗದೆ ಇರಬಹುದು, ಮೀನಿಗೆ ಜಾಗ ಹುಡುಕ್ತೀವಿ. ಕೆರೆಗೆ ಮಾತ್ರ ಬಿಡಬೇಡ್ರಿ.

ತಪ್ಪೆಲ್ಲಾ ಗಿರಾಕಿಗಳದ್ದೇ ಅಂತ ನಾನು ಹೇಳ್ತಿಲ್ಲ. ಬೌಲ್ ಮಾರೋದು ಅಂಗಡಿಯೋರೇ. ಫೈಟರ್ ಮೀನನ್ನ ಟೀ ಲೋಟದಷ್ಟು ನೀರಲ್ಲಿ ಸಾಲಾಗಿ ಇಟ್ಟು, ಇದಕ್ಕೆ ಇಷ್ಟೇ ಸಾಕು ಅಂತ ಹೇಳೋದೂ ಅಂಗಡಿಯೋರೇ. ಫೈಟರ್ ಮೇಲೆ ಬಂದು ಗಾಳಿ ಉಸಿರಾಡುತ್ತೆ ನಿಜ, ಅದಕ್ಕೇ ಅದು ತಕ್ಷಣ ಸಾಯಲ್ಲ, ಆದ್ರೆ ಅಮೋನಿಯಾ ಅದಕ್ಕೂ ಸುಡುತ್ತೆ, ಚಳಿಗಾಲದಲ್ಲಿ ಮೂಲೇಲಿ ಮುದುಡಿ ಕೂರುತ್ತೆ. ಕನಿಷ್ಠ ಹತ್ತಿಪ್ಪತ್ತು ಲೀಟರ್ ಕೊಡಬೇಕು. ಇದನ್ನ ಗೊತ್ತಿದ್ದೂ ಹೇಳದೆ ಮಾರೋ ಅಂಗಡಿಯೋರ ಮೇಲೆ ನಂಗೆ ಗಿರಾಕಿಗಿಂತ ಜಾಸ್ತಿ ಸಿಟ್ಟು. ಗೊತ್ತಿಲ್ದೆ ಬರೋರದ್ದು ತಪ್ಪಲ್ಲ, ಯಾರೂ ಹುಟ್ಟುತ್ತಲೇ ಅಮೋನಿಯಾ ಕಲ್ತು ಬರಲ್ಲ. ಹೇಳಿದ್ರೂ ಕೇಳ್ಸಿಕೊಳ್ಳದೆ ಇರೋದು, ಕೇಳಿದ್ದಕ್ಕೆ ಅವಮಾನ ಮಾಡೋದು, ಅದು ತಪ್ಪು.

ಕೇಳೋರೂ ಅದಾರೆ. ಕೆಟಿಜೆ ನಗರದ ಒಬ್ಬರು ಟೈಲರಿಂಗ್ ಮಾಡೋ ಅಕ್ಕ, ಟ್ಯಾಂಕ್ ತಗೊಂಡ ದಿನ ಮೀನು ಕೊಡಲ್ಲ ಅಂದಾಗ ಮುಖ ಸಣ್ಣ ಮಾಡ್ಕೊಂಡಿದ್ರು, ಆದ್ರೂ ನಾನು ಕೊಟ್ಟ ಹಳೇ ಸ್ಪಂಜು ತಗೊಂಡು ಹೋಗಿ ಫಿಲ್ಟರಲ್ಲಿ ಇಟ್ಟು, ಫುಡ್ ಕೊಳೆತು ಬರೋ ಅಮೋನಿಯಾದಿಂದ ಬ್ಯಾಕ್ಟೀರಿಯಾ ಬೆಳೀಲಿ ಅಂತ ಮೀನಿಲ್ಲದ ಟ್ಯಾಂಕಿಗೇ ದಿನಾ ಚಿಟಿಕೆ ಫುಡ್ ಹಾಕಿ ತಿಂಗಳು ಓಡಿಸಿದ್ರು. ಮನೆಯೋರು ಮೀನಿಲ್ಲದ ಟ್ಯಾಂಕಿಗೆ ಊಟ ಹಾಕ್ತೀಯಲ್ಲ ಅಂತ ನಗಾಡಿದ್ರಂತೆ. ಆಮೇಲೆ ನಾಲ್ಕು ಮೋಲಿ ತಗೊಂಡು ಹೋದ್ರು, ಕವರ್ ಇಪ್ಪತ್ತು ನಿಮಿಷ ನೀರ ಮೇಲೆ ತೇಲಿಸಿ, ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರು ಸೇರಿಸಿ ಬಿಟ್ರು, ನಾನು ಹೇಳ್ದಂಗೇ. ಈಗ ಮರಿ ಜಾಸ್ತಿ ಆಗಿ ಅವರೇ ನಮ್ಮ ಅಂಗಡಿಗೆ ತಂದುಕೊಡ್ತಾರೆ.

ಮೀನು ಸಾಯ್ತಿದ್ರೆ ಔಷಧಿ ಕೇಳೋ ಮುಂಚೆ ಟ್ಯಾಂಕಿನ ನೀರು ಒಂದು ಚಿಕ್ಕ ಬಾಟ್ಲಿಲಿ ತನ್ನಿ, ಫೋನಲ್ಲಿ ಟ್ಯಾಂಕಿನ ಫೋಟೋ ಒಂದಿರಲಿ. ಟೆಸ್ಟಿಗೆ ನಾವು ದುಡ್ಡು ತಗೊಳಲ್ಲ, ನಿಮ್ಮ ಊರಿನ ಅಂಗಡೀಲೂ ಕೇಳಿ ನೋಡ್ರಿ. ಭಾನುವಾರ ಸಂಜೆ ಮಾತ್ರ ಬೇಡ, ವಾರದ ದಿನ ಮಧ್ಯಾಹ್ನ ಬಂದ್ರೆ ಕೂತು ಮಾತಾಡೋಕೆ ಟೈಮ್ ಇರುತ್ತೆ.