ಬೆನ್ನು ತೋರಿಸಿದವರ ಸ್ಮಾರಕ

ಜರ್ಮನಿಯ ಕಲೋನ್ ನಗರದಲ್ಲಿ ಚಪ್ಪರದಂಥ ಒಂದು ಸ್ಮಾರಕವಿದೆ. ತಲೆ ಎತ್ತಿದರೆ ಮಾಡಿನ ತುಂಬ ಬಣ್ಣಬಣ್ಣದ ಲೋಹದ ಅಕ್ಷರಗಳು. ಗುಂಡು ಹಾರಿಸಲು ಒಪ್ಪದ ಸೈನಿಕರಿಗೆ ನಮನ ಅಂತ ಸಾಲು ಶುರುವಾಗುತ್ತದೆ. ಪೂರ್ತಿ ಓದುವಷ್ಟರಲ್ಲಿ ಕತ್ತು ನೋಯುತ್ತದೆ. 2009ರಲ್ಲಿ ಕಟ್ಟಿದ್ದು. ಹಿಟ್ಲರನ ಸೇನೆ ಬಿಟ್ಟು ಓಡಿದವರಿಗೂ ಇಲ್ಲಿ ಗೌರವ.

ಊರಿಂದ ಬಂದ ನೆಂಟರಿಗೆ ತೋರಿಸಿದರೆ ನಗುತ್ತಾರೆ. ತಪ್ಪೇನಿಲ್ಲ ಬಿಡಿ. ತುರು ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿ, ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುವಂತೆ ಕೆತ್ತಿದ ನಾಡು ನಮ್ಮದು. ಓಡಿದ ಉತ್ತರಕುಮಾರನಿಗೆ ಸಿಕ್ಕಿದ್ದು ಒಂದು ಗಾದೆ, ಅಷ್ಟೇ.

ಆದರೆ ಇಲ್ಲಿ ಓಡಿದವರು ಯಾರು ಅಂತ ನೋಡಬೇಕು. 1944ರ ಅಕ್ಟೋಬರ್ ಹೊತ್ತಿಗೆ ಜರ್ಮನಿ ಸೋಲುವುದು ಖಾತ್ರಿಯಾಗಿತ್ತು. ಆಗ 16ರಿಂದ 60 ವರ್ಷದ ಗಂಡಸರನ್ನೆಲ್ಲ ಫೋಲ್ಕ್ಸ್‌ಸ್ಟುರ್ಮ್ ಎಂಬ ಪಡೆಗೆ ಎಳೆದುಕೊಂಡರು. ಎಷ್ಟೋ ಜನರಿಗೆ ಸಮವಸ್ತ್ರವೂ ಇರಲಿಲ್ಲ, ತೋಳಿಗೆ ಒಂದು ಪಟ್ಟಿ ಅಷ್ಟೇ. ಮೀಸೆ ಚಿಗುರದ ಹುಡುಗರ ಕೈಗೆ ಟ್ಯಾಂಕ್ ಒಡೆಯುವ ಪಾಂಜರ್‌ಫೌಸ್ಟ್ ಕೊಟ್ಟು ರಷ್ಯದ ಸೇನೆಯ ಎದುರು ನಿಲ್ಲಿಸಿದರು. ತಪ್ಪಿಸಿಕೊಂಡು ಸಿಕ್ಕಿಬಿದ್ದವರನ್ನು ಮರಕ್ಕೋ ದೀಪದ ಕಂಬಕ್ಕೋ ನೇತುಹಾಕಿ, ಕೊರಳಿಗೆ 'ಹೇಡಿ' ಎಂಬ ಹಲಗೆ ಕಟ್ಟಿದರು. ಯಾವ ಊರು ಉಳಿಸಲು ಇದೆಲ್ಲ?

ಅದೇ ಹೊತ್ತಿಗೆ, 1945ರಲ್ಲಿ, ಮುಂದೆ ಭೂಸೇನೆಯ ಮುಖ್ಯಸ್ಥರಾದ ನಮ್ಮ ಕೊಡಗಿನ ತಿಮ್ಮಯ್ಯನವರು ಬರ್ಮಾದ ಅರಾಕಾನ್‌ನಲ್ಲಿ ಕಾದಾಡುತ್ತಿದ್ದರು. ಆ ಯುದ್ಧದಲ್ಲಿ ಭಾರತದ ಸೇನೆಯಲ್ಲಿದ್ದ 25 ಲಕ್ಷದಷ್ಟು ಜನರಲ್ಲಿ ಯಾರನ್ನೂ ಕಾನೂನಿನ ಬಲದಿಂದ ಎಳೆದು ತಂದಿರಲಿಲ್ಲ. ಹೊಟ್ಟೆಪಾಡಿಗೆ ಸೇರಿದವರೇ ಜಾಸ್ತಿ ಇದ್ದಿರಬಹುದು, ಆದರೂ ಸೇರಿದ್ದು ತಾವಾಗಿಯೇ. ಹಾಗೆ ಸೇರಿದವನನ್ನು ಅಳೆಯುವ ಕೋಲಿನಿಂದ ಈ ಹುಡುಗರನ್ನು ಅಳೆಯುವುದು ಅನ್ಯಾಯ ಅಲ್ವಾ?

ಜರ್ಮನರಿಗೂ ಇದು ಸುಮ್ನೆ ಹೊಳೆದದ್ದಲ್ಲ. ಓಡಿಹೋದವರ ಮೇಲಿನ ಶಿಕ್ಷೆಗಳನ್ನು ಸಂಸತ್ತು ಒಟ್ಟಾಗಿ ರದ್ದು ಮಾಡಿದ್ದು 2002ರಲ್ಲಿ. ಅಷ್ಟೂ ವರ್ಷ ಬದುಕುಳಿದವರ ಹಣೆಪಟ್ಟಿ 'ಅಪರಾಧಿ'. ನನಗೆ ಸಿಟ್ಟು ಬರುವುದು ಅಲ್ಲೇ. ಗಲ್ಲಿಗೆ ಕಳಿಸಿದ ಎಷ್ಟೋ ನ್ಯಾಯಾಧೀಶರು ಆರಾಮಾಗಿ ಪಿಂಚಣಿ ಎಣಿಸಿದರು.

ಈಗ ಇಲ್ಲಿ ಜರ್ಮನಿಯಲ್ಲಿ ಕಡ್ಡಾಯ ಸೇನಾಸೇವೆಯ ಚರ್ಚೆ ಮತ್ತೆ ಎದ್ದಿದೆ. ಕನ್ನಡದ ಗೆಳೆಯರು ಊಟಕ್ಕೆ ಸೇರಿದಾಗ, "ಹೋಗಲಿ ಬಿಡ್ರೀ, ಹುಡುಗರಿಗೆ ಸ್ವಲ್ಪ ಶಿಸ್ತು ಬರುತ್ತೆ" ಅನ್ನುತ್ತಾರೆ. ಶಿಸ್ತು ಬರುತ್ತೋ ಏನೋ. ಬೇಡ ಅನ್ನುವವನನ್ನು ಆತ್ಮಸಾಕ್ಷಿಗೆ ವಿರುದ್ಧವಾಗಿ ಬಂದೂಕು ಹಿಡಿಸುವಂತಿಲ್ಲ ಅಂತ ಈ ದೇಶದ ಸಂವಿಧಾನದ 4ನೇ ವಿಧಿ ಹೇಳುತ್ತದೆ. ಆ ಮಾತನ್ನೂ ಅದೇ ಊಟದಲ್ಲಿ ಮಕ್ಕಳ ಕಿವಿಗೆ ಹಾಕಿ ಅನ್ನುವುದು ನನ್ನ ವಾದ.